ರೋಸ್ ಬೌಲ್ ಪಂದ್ಯದ ಸ್ಥಳಾಂತರ: 1941-42ರ ಒಂದು ಕ್ರೀಡಾಪ್ರಕರಣ

ಅಮೆರಿಕ ಸಂಯುಕ್ತಸಂಸ್ಥಾನಗಳಲ್ಲಿ ಫುಟ್‌ಬಾಲ್ ಎಂದು ಕರೆಯಲ್ಪಡುವ ಆಟದಲ್ಲಿ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ಓಡುವರು, ಕೈಯಿಂದಲೇ ಎಸೆಯುವರು. ಕಾಲಿಗೆ ಅಲ್ಲಿ ಕೆಲಸವು ಸ್ವಲ್ಪ. ಯೋಗಾರ್ಥಕ್ಕಿಂತ ರೂಢ್ಯರ್ಥವು ಬಲವತ್ತರವೆಂಬ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ಆ ದೇಶದ ಕಾಲೇಜು ತಂಡಗಳ ಪಾಲಿಗೆ ಕ್ರೀಡಾಋತುವಿನ ಶಿಖರಪ್ರಾಯವಾದುದು ಕ್ಯಾಲಿಫೋರ್ನಿಯದ ಪಾಸಡೀನ ನಗರದಲ್ಲಿ ಹೊಸವರ್ಷದ ಹೊತ್ತಿಗೆ ನಡೆಯುವ ‘ರೋಸ್ ಬೌಲ್’ ಪಂದ್ಯ. 1902ರಲ್ಲಿ ಆರಂಭವಾದ ಈ ಪಂದ್ಯವು ಆ ನಗರವನ್ನು ಬಿಟ್ಟು ಅನ್ಯತ್ರ ನಡೆದುದು ಎರಡೇ ಬಾರಿ: 2021ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ, ಅದಕ್ಕೆ ಮೊದಲು 1942ರಲ್ಲಿ ಯುದ್ಧದ ದೆಸೆಯಿಂದ. ಇಲ್ಲಿ ವಿಚಾರಾರ್ಹವಾದುದು 1942ರ ಪಂದ್ಯ.

1941ರ ಋತುವಿನಲ್ಲಿ ಆರಿಗನ್ ಸ್ಟೇಟ್ ಕಾಲೇಜಿನ ತಂಡವು ಎರಡು ಪಂದ್ಯಗಳನ್ನು ಸೋತು ಏಳನ್ನು ಗೆದ್ದಿತು. ಇವುಗಳಲ್ಲಿ ಐದರಲ್ಲಿ ಎದುರಾಳಿಗಳಿಗೆ ಒಂದು ಅಂಕವೂ ದಕ್ಕಲಿಲ್ಲ. ನವೆಂಬರ್ 29ರಂದು ನೆರೆಯ ಆರಿಗನ್ ವಿಶ್ವವಿದ್ಯಾಲಯವನ್ನು 12ಕ್ಕೆ 7ರಂತೆ ಸೋಲಿಸಿ ಪಾಸಡೀನಕ್ಕೆ ಹೋಗುವ ಅರ್ಹತೆಯನ್ನು ಪಡೆಯಿತು. ಎಂಟೇ ದಿನಗಳಲ್ಲಿ, ಡಿಸೆಂಬರ್ 7ರಂದು, ಜಪಾನೀಯರು ಪರ್ಲ್ ಹಾರ್ಬರಿನ ಮೇಲೆ ಬಾಂಬುಗಳನ್ನು ಸುರಿಸಿದರು. ಶಾಂತಸಾಗರದ ತೀರದಲ್ಲಿ ಸಹಸ್ರಾರು ಜನರು ಒಂದೆಡೆ ನೆರೆಯುವುದು ಅಪಾಯಕರವೆಂದು ಸೈನ್ಯಾಧಿಕಾರಿಯಾದ ಡಿ ವಿಟ್ ಎಂಬವನು ಭಾವಿಸಿದುದರಿಂದ ಪಂದ್ಯಕ್ಕೆ ಅಲ್ಲಿ ಎಡೆಯಿಲ್ಲದಂತಾಯಿತು. ಆಗ ಎದುರು ತಂಡವಾದ ಡ್ಯೂಕ್ ವಿಶ್ವವಿದ್ಯಾಲಯವು ನಾರ್ತ್ ಕ್ಯಾರೊಲಿನದ ಡರ್ಹಮಿನಲ್ಲಿದ್ದ ತನ್ನ ಕ್ರೀಡಾಂಗಣವನ್ನೇ ನೀಡಲು ಮುಂದೆ ಬಂದಿತು. ನೆರೆಯ ವಿದ್ಯಾಲಯಗಳಿಂದ ಆಸನಗಳನ್ನು ಎರವಲು ತಂದು 56,000 ಪ್ರೇಕ್ಷಕರಿಗೆ ಸ್ಥಳವನ್ನು ಕಲ್ಪಿಸಿದರು.

ಇಷ್ಟನ್ನು ಕ್ರೀಡಾಚರಿತ್ರಕಾರರು ಕೌತುಕದಿಂದ ವರ್ಣಿಸುವುದುಂಟು. ಆದರೆ ಆ ತಂಡದಲ್ಲಿ ಜ್ಯಾಕ್ ಯೊಷಿಹಾರ ಎಂಬ ಹೆಚ್ಚುವರಿ ಆಟಗಾರನೊಬ್ಬನಿದ್ದನು. ಜಪಾನಿನಲ್ಲಿ ಹುಟ್ಟಿ, ಶೈಶವದಲ್ಲಿಯೇ ಅಮೆರಿಕಕ್ಕೆ ಬಂದು ಬೆಳೆದವನು. ಏಷ್ಯದಲ್ಲಿ ಜನಿಸಿದ ಜಪಾನೀಯರಿಗೆ ಪೌರತ್ವವನ್ನು ಕೊಡಲು ಆ ದೇಶದ ಶಾಸನವು 1952ರವರೆಗೆ ಒಪ್ಪಿರಲಿಲ್ಲ. ಅಭ್ಯಾಸವು ನಡೆಯುತ್ತಿದ್ದಾಗ ಸರ್ಕಾರದ ಇಬ್ಬರು ಅಧಿಕಾರಿಗಳು ಮೈದಾನಕ್ಕೆ ಬಂದು ಅವನನ್ನು ಕರೆದೊಯ್ದರು. ಜಪಾನ್ ಮೂಲದವರು ತಮ್ಮ ನೆಲೆಯಿಂದ ಬಹುದೂರ ಹೋಗಕೂಡದೆಂಬ ನಿರ್ಬಂಧವಿದ್ದುದರಿಂದ, ಜತೆಗಾರರು ರೈಲಿನಲ್ಲಿ ಭೂಖಂಡವನ್ನೇ ದಾಟಿ ಹೋಗುವಾಗ ಅವನು ಹಿಂದೆ ಉಳಿಯಬೇಕಾಯಿತು. ಪಂದ್ಯವನ್ನು ಸ್ಥಳಾಂತರಿಸಿದ ಭಯವೂ ಇವನನ್ನು ತಡೆದ ಭಯವೂ ಏಕಮೂಲವಾದುವು. ಮೊದಲನೆಯದಕ್ಕೆ ಕೆಲವೇ ದಿನಗಳಲ್ಲಿ ಉಪಾಯವು ಹೊಳೆಯಿತು. ಎರಡನೆಯದಕ್ಕೆ ಉಪಾಯವನ್ನು ಹುಡುಕುವ ಮನಸ್ಸು ಅಧಿಕಾರದಲ್ಲಿದ್ದವರಿಗೆ ಇರಲಿಲ್ಲ.

1942ರ ಜನವರಿ 1ರಂದು ಮಳೆಯಲ್ಲಿ ಆಟವು ನಡೆಯಿತು. ಡ್ಯೂಕ್ ತಂಡವು ಆ ಋತುವಿನಲ್ಲಿ ಅಲ್ಲಿಯವರೆಗೆ ಸೋಲನ್ನೇ ಕಂಡಿರಲಿಲ್ಲ. ಗೆಲುವು ಅದರದೇ ಎಂದು ಬಹುಜನರು ನಿಶ್ಚಯಿಸಿದ್ದರು. ಅರ್ಧಕಾಲಕ್ಕೆ 7-7, ಅನಂತರ 14-14 ಎಂದು ಸಮಸಮವಾಗಿದ್ದಾಗ, ಬಾಬ್ ಡೆತ್‌ಮನ್ ಎಸೆದ ಚೆಂಡನ್ನು ಜೀನ್ ಗ್ರೇ ಹಿಡಿದು ಗುರಿ ಮುಟ್ಟಿಸಿದನು. ಕಡೆಗೆ 20ಕ್ಕೆ 16ರಂತೆ ಆರಿಗನ್ನಿನವರು ಗೆದ್ದರು.

ಆ ಮೇಲೆ ಎರಡು ತಂಡಗಳವರೂ ಒಂದೇ ಸೈನ್ಯವನ್ನು ಸೇರಿದರು. ಡ್ಯೂಕ್ ತಂಡದ ಶಿಕ್ಷಕನಾದ ವ್ಯಾಲೇಸ್ ವೇಡನು ಐವತ್ತರ ಅಂಚಿನಲ್ಲಿದ್ದರೂ ಫಿರಂಗಿದಳದ ಅಧಿಕಾರಿಯಾಗಿ ಯೂರೋಪಿನಲ್ಲಿ ಹೋರಾಡಿದನು. ಇಟಲಿಯ ರಣರಂಗದಲ್ಲಿ ಗಾಯಗೊಂಡು ಬಿದ್ದಿದ್ದ ಡ್ಯೂಕಿನ ಚಾರ್ಲ್ಸ್ ಹೇನ್ಸನನ್ನು ಎತ್ತಿ ತಂದು ಬದುಕಿಸಿದವನು ಆರಿಗನ್ನಿನ ಫ್ರ್ಯಾಂಕ್ ಪಾರ್ಕರ್. ಎರಡು ತಂಡಗಳಿಂದ ನಾಲ್ವರು ಯುದ್ಧದಲ್ಲಿ ಮಡಿದರು.

1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟನು ಹೊರಡಿಸಿದ ಆಜ್ಞೆಯ ಫಲವಾಗಿ ಸುಮಾರು 1,20,000 ಜಪಾನ್ ಮೂಲದವರು ಮನೆಮಠಗಳನ್ನು ಬಿಟ್ಟು ಶಿಬಿರಗಳಲ್ಲಿ ಸೆರೆಯಾದರು. ಅವರಲ್ಲಿ ಹೆಚ್ಚು ಪಾಲು ಅಮೆರಿಕದಲ್ಲಿಯೇ ಹುಟ್ಟಿದ ಪೌರರು. ಯೊಷಿಹಾರನು ಐಡಹೋ ಪ್ರಾಂತದ ಮಿನಿಡೋಕ ಶಿಬಿರವನ್ನು ಸೇರಿದನು. ವಿದ್ಯಾಭ್ಯಾಸವು ನಡುವೆಯೇ ನಿಂತಿತು. ಆ ಕಾಲೇಜು, ವಿಶ್ವವಿದ್ಯಾಲಯವಾದ ಮೇಲೆ, ಹೀಗೆ ಹೊರನಡೆಯಬೇಕಾಗಿ ಬಂದಿದ್ದ ತನ್ನ ವಿದ್ಯಾರ್ಥಿಗಳಿಗೆ 2008ರಲ್ಲಿ ಗೌರವಪದವಿಗಳನ್ನು ನೀಡಿತು. ಯೊಷಿಹಾರರಿಗೂ ಒಂದು ದೊರೆಯಿತು. ಮರುವರ್ಷ ಅವರು ದಿವಂಗತರಾದರು.