ಆರನೆಯ ಆಜ್ಞೆ ಯಾವುದು?

ವಿಜಯಪುರದ ಪಶ್ಚಿಮಕ್ಕೆ, ಈಗ ಮಹಿಳಾ ವಿಶ್ವವಿದ್ಯಾಲಯದ ಆವರಣವಿರುವ ತೊರವಿಯಲ್ಲಿ ನರಸಿಂಹನ ಗುಡಿಯಿದೆ. ಆ ದೇವರ ಅಂಕಿತದಲ್ಲೇ ಕುಮಾರ ವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ ರಾಮಾಯಣ ಹೇಳಿದ. ಕಾವ್ಯಕ್ಕೆ ಊರಿನ ಹೆಸರೇ ನಿಂತು ತೊರವೆ ರಾಮಾಯಣವಾಯಿತು. ಅದಕ್ಕೂ ಶತಮಾನಗಳ ಹಿಂದೆ ಇದೇ ವಿಜಯಪುರದ ನಂಟಿದ್ದ ಜೈನ ಕವಿ ನಾಗಚಂದ್ರ ಇನ್ನೊಂದು ರಾಮಕಥೆ ಬರೆದಿದ್ದ. ಅದರಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ಯಾವ ಸಭೆಯೂ ಕೂಡಲಿಲ್ಲ. ಕನ್ನಡ ಓದುಗ ಎರಡನ್ನೂ ಓದಿಕೊಂಡು ಬಂದ.

1885ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿಗೆ ಬಂದು ನೆಲೆಯೂರಿದಾಗ ತಂದ ಗ್ರಂಥಕ್ಕೆ ಈ ಸಲಿಗೆ ಇರಲಿಲ್ಲ. ಕ್ರೈಸ್ತರಲ್ಲಿ ಮೂಲಗ್ರಂಥದ ಪಟ್ಟಿ ಎಂದೋ ಮುಗಿದುಹೋಗಿದೆ. ಹೊಸದಾಗಿ ಯಾರೂ ಸುವಾರ್ತೆ ಬರೆಯುವ ಹಾಗಿಲ್ಲ. ಇದೇ ಮಿಶನ್ನಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿಗೆ ಇಳಿಸಿದ್ದರು, ನಿಜ. ಅದು ಕಾವ್ಯವಾಗಿ ಉಳಿಯಿತೇ ಹೊರತು ವೇದಗ್ರಂಥವಾಗಲಿಲ್ಲ. ಹೀಗೆ ಗ್ರಂಥ ಮುಟ್ಟುವಂತಿಲ್ಲ ಎಂದಾದ ಮೇಲೆ ಭಿನ್ನಾಭಿಪ್ರಾಯಕ್ಕೆ ಉಳಿದ ಮುಖ್ಯ ಜಾಗ ಅರ್ಥ ಹೇಳುವುದು. ಎರಡು ಸಾವಿರ ವರ್ಷಗಳ ಕ್ರೈಸ್ತ ಜಗಳಗಳಲ್ಲಿ ಬಹುಪಾಲು ಅಲ್ಲೇ ನಡೆದಿವೆ.

ಒಂದು ಚಿಕ್ಕ ಉದಾಹರಣೆ ಸಾಕು. ಹತ್ತು ಆಜ್ಞೆಗಳಲ್ಲಿ ಆರನೆಯದು ಯಾವುದು ಎಂದು ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಭಾನುವಾರದ ಶಾಲೆಯ ಹುಡುಗನನ್ನು ಕೇಳಿದರೆ ಕೊಲೆ ಮಾಡಬಾರದೆಂಬುದು ಎನ್ನುತ್ತಾನೆ. ಕಥೋಲಿಕ ಹುಡುಗಿಯನ್ನು ಕೇಳಿದರೆ ವ್ಯಭಿಚಾರ ಮಾಡಬಾರದೆಂಬುದು ಎನ್ನುತ್ತಾಳೆ. ಇಬ್ಬರ ಉತ್ತರವೂ ಸರಿ. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಆಜ್ಞೆಗಳಿಗೆ ನಂಬರು ಹಾಕಿಲ್ಲ. ವಿಗ್ರಹ ಮಾಡಬಾರದೆಂಬುದನ್ನು ಕಥೋಲಿಕರು ಮೊದಲನೆಯ ಆಜ್ಞೆಯೊಳಗೇ ಸೇರಿಸಿ, ಕಡೆಯಲ್ಲಿ ಬರುವ ದುರಾಸೆಯ ಮಾತನ್ನು ಎರಡಾಗಿ ಒಡೆದು ಹತ್ತು ಮಾಡುತ್ತಾರೆ. ಕ್ಯಾಲ್ವಿನ್‌ನ ದಾರಿಯವರೂ ಆಂಗ್ಲಿಕನರೂ ವಿಗ್ರಹದ ಮಾತಿಗೆ ಎರಡನೆಯ ಸ್ಥಾನವನ್ನೇ ಕೊಟ್ಟಿದ್ದಾರೆ. ತಮಾಷೆಯೆಂದರೆ, ರೋಮಿನ ವಿರುದ್ಧ ತಿರುಗಿಬಿದ್ದ ಲೂಥರ್ ಎಣಿಕೆಯಲ್ಲಿ ಮಾತ್ರ ರೋಮಿನ ಲೆಕ್ಕವನ್ನೇ ಇಟ್ಟುಕೊಂಡ. ಇದು ಬರೀ ಎಣಿಕೆಯ ವಿಷಯವೂ ಅಲ್ಲ. ವಿಗ್ರಹದ ಮಾತು ಬೇರೆಯೇ ಆಜ್ಞೆಯಾಗಿ ನಿಂತ ಕ್ಯಾಲ್ವಿನ್‌ನ ದಾರಿಯವರಲ್ಲಿ ಚರ್ಚಿನ ಗೋಡೆ ಹೆಚ್ಚಾಗಿ ಬೋಳಾಗಿರುತ್ತದೆ. ಮೊದಲನೆಯದರೊಳಗೆ ಸೇರಿದ ಕಡೆ ಸಂತರ ಪ್ರತಿಮೆಗಳಿರುತ್ತವೆ.

ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ 1529ರ ಅಕ್ಟೋಬರಿನಲ್ಲಿ ಮಾರ್‌ಬುರ್ಗಿನಲ್ಲಿ ಕೂತು ಮಾತಾಡಿದರು. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆಯಾಯಿತು. ಹದಿನೈದನೆಯದು ಕರ್ತನ ಭೋಜನ. ರೊಟ್ಟಿಯನ್ನು ತೋರಿಸಿ ಯೇಸು ಆಡಿದ ಮಾತನ್ನು ಲೂಥರ್ ಇದ್ದ ಹಾಗೇ ತೆಗೆದುಕೊಂಡ, ಜ್ವಿಂಗ್ಲಿ ಸಂಕೇತವೆಂದು ಓದಿದ. ಗ್ರಂಥವೇ ಪರಮ ಪ್ರಮಾಣವೆಂದು ಇಬ್ಬರೂ ಒಪ್ಪಿದ್ದರೂ ಒಂದು ವಾಕ್ಯ ಇಬ್ಬರನ್ನೂ ಬೇರೆ ಮಾಡಿತು.

ಉತ್ತರ ಕರ್ನಾಟಕದ ಮಟ್ಟಿಗೆ ಇದು ದೂರದ ಕಥೆಯಲ್ಲ. 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನಲ್ಲಿ ಲೂಥರನ ಪರಂಪರೆಯ ವ್ಯೂರ್ಟೆಂಬೆರ್ಗಿನವರೂ ಜ್ವಿಂಗ್ಲಿ–ಕ್ಯಾಲ್ವಿನರ ಪರಂಪರೆಯ ಸ್ವಿಸ್ಸರೂ ಒಟ್ಟಿಗಿದ್ದರು. ಮಾರ್‌ಬುರ್ಗಿನ ಜಗಳ ಬಗೆಹರಿದಿರಲಿಲ್ಲ. ಅದನ್ನು ಬದಿಗಿಟ್ಟು ಕೆಲಸಕ್ಕೆ ಹೊರಟಿದ್ದರು ಅಷ್ಟೆ. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1851ರಲ್ಲಿ ಗುಳೇದಗುಡ್ಡ, ಕೊನೆಗೆ ವಿಜಯಪುರ. ಇಲ್ಲಿ ಕ್ರೈಸ್ತರಾದವರಿಗೆ ಸಿಕ್ಕಿದ್ದು ಮೊದಲೇ ರಾಜಿಯಾಗಿದ್ದ ಕ್ರೈಸ್ತಮತ.

ಒಂದೇ ಪಠ್ಯ ಒದಗಿಸುವ ಕೆಲಸ ಅದಕ್ಕೂ ಮೊದಲೇ ಬಳ್ಳಾರಿಯಲ್ಲಿ ಶುರುವಾಗಿತ್ತು. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು. ವಿಲಿಯಂ ರೀವ್ ಜೊತೆಯಾದರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಅದರ ಕನ್ನಡ ಸಾಲದೆಂದು ಬಾಸೆಲಿನ ವೈಗ್ಲೆ ತಿದ್ದುಪಡಿಗೆ ಕೂತರು, 1855ರಲ್ಲಿ ತೀರಿಕೊಂಡರು. ಆಮೇಲೆಯೂ ತಿದ್ದುಪಡಿ ಮುಂದುವರಿಯಿತು. ಲಂಡನ್ನಿನವರು ಮಾಡಿದ್ದನ್ನು ಬಾಸೆಲಿನವರು ತಿದ್ದುವುದು, ಅದನ್ನು ಎಲ್ಲರೂ ಬಳಸುವುದು: ಪ್ರಾಟೆಸ್ಟಂಟರ ನಡುವೆ ಒಮ್ಮತ ಮೊದಲು ಮೂಡಿದ್ದು ಪ್ರಸಂಗಪೀಠದಲ್ಲಲ್ಲ, ಅಚ್ಚುಮನೆಯಲ್ಲಿ.

ಆದರೆ ಗ್ರಂಥ ಕೈಗೆ ಸಿಕ್ಕ ಕೂಡಲೇ ಇಲ್ಲಿನವರು ತಮ್ಮದೇ ರೀತಿಯಲ್ಲಿ ಓದಲು ಹೊರಟರು. 1840ರ ಸುಮಾರಿಗೆ ಧಾರವಾಡ–ಹುಬ್ಬಳ್ಳಿಯ ಮಿಶನರಿಗಳನ್ನು ಕಾಲಜ್ಞಾನ ಪಂಥದವರು ಹುಡುಕಿಕೊಂಡು ಬಂದರು. ಬರಲಿರುವ ಕಾಲದ ಬಗ್ಗೆ ಭವಿಷ್ಯ ಹೇಳುವ ವಚನಗಳು ಅವರ ಪರಂಪರೆಯಲ್ಲಿದ್ದವು. ಪಾದ್ರಿಗಳು ಹೇಳುತ್ತಿದ್ದುದು ತಮ್ಮ ಕಾಲಜ್ಞಾನದಲ್ಲಿ ಬಂದ ಮಾತೇ ಎಂದು ಅವರಿಗೆ ಕಂಡಿತ್ತು. ಮಿಶನ್ನಿನ ಮೋಗ್ಲಿಂಗರಿಗೆ ದೊಡ್ಡ ಆಸೆ ಹುಟ್ಟಿತು. ಗುಂಪುಗುಂಪಾಗಿ ಜನ ಸಭೆಗೆ ಸೇರುವರೆಂದು ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಬೇಸಾಯದ ವಸಾಹತಿನ ಯೋಜನೆಯೂ ಎದ್ದಿತು. ನಿರೀಕ್ಷಿಸಿದ ಜನ ಬರಲಿಲ್ಲ. ಮಿಶನ್ನಿನ ಇತಿಹಾಸದಲ್ಲಿ ಇದು ವಿಫಲವಾದ ಪ್ರಸಂಗ. ಅರ್ಥೈಸುವಿಕೆಯ ಇತಿಹಾಸದಲ್ಲಿ ಇದಕ್ಕೆ ಇನ್ನೂ ದೊಡ್ಡ ಜಾಗ ಸಿಗಬೇಕು. ಬೈಬಲಿನ ಪ್ರವಾದನೆಯನ್ನು ತಮ್ಮ ಕಾಲಜ್ಞಾನದ ಕನ್ನಡಕದಿಂದ ಓದಿದವರಿಗೂ, ಅದನ್ನು ಪೈಟಿಸ್ಟ್ ಭಕ್ತಿಯ ಮೂಲಕ ಓದಿದ ಜರ್ಮನರಿಗೂ ನಡುವೆ ಪೂರ್ತಿ ಮಾತುಕತೆ ನಡೆಯುವ ಮೊದಲೇ ಬಾಗಿಲು ಮುಚ್ಚಿತು.

ಆ ಮಾತುಕತೆಯನ್ನು ಮುಂದೆ ಒಬ್ಬರೇ ಹೊತ್ತು ನಡೆದರು ಎನ್ನಬಹುದಾದರೆ ಅದು ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಶನ್ನಿನ ಪಾದ್ರಿ, 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. ಅನುಭವ ಮಂಟಪದ ಐತಿಹಾಸಿಕತೆಯ ಪರವಾಗಿ ವಾದಿಸಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಕೂಡಿಸಿತು. ಶರಣರ ವಚನ ಓದಿದ ಕಣ್ಣಲ್ಲೇ ಸುವಾರ್ತೆಯನ್ನೂ ಓದಬಹುದೆಂದು ತಮ್ಮ ಬದುಕಿನಿಂದಲೇ ತೋರಿಸಿದ ಈ ಮನುಷ್ಯನನ್ನು ಕನ್ನಡ ಸಾಹಿತ್ಯ ನೆನೆದಷ್ಟು ಕನ್ನಡ ಚರ್ಚು ನೆನೆದಂತೆ ಕಾಣುವುದಿಲ್ಲ.

ಚರ್ಚುಗಳು ಹಿಡಿದ ದಾರಿ ಬೇರೆ. ಮಿಶನ್ನುಗಳು ಒಬ್ಬರ ಸೀಮೆಗೆ ಇನ್ನೊಬ್ಬರು ಕೈಹಾಕದಂತೆ ಜಿಲ್ಲೆಗಳನ್ನು ಹಂಚಿಕೊಂಡಿದ್ದರಿಂದ ಧಾರವಾಡ–ವಿಜಯಪುರದ ಕಡೆ ಬಾಸೆಲಿನವರು, ಬೀದರಿನಲ್ಲಿ ಅಮೆರಿಕದ ಮೆಥಡಿಸ್ಟರು, ಬಳ್ಳಾರಿಯಲ್ಲಿ ಲಂಡನ್ನಿನವರು, ಮೈಸೂರು–ತುಮಕೂರಿನಲ್ಲಿ ವೆಸ್ಲಿಯನ್ನರು ಆದರು. ಒಬ್ಬ ಕ್ರೈಸ್ತ ರೈತ ಬೈಬಲನ್ನು ಹೇಗೆ ಓದುತ್ತಾನೆ ಎಂಬುದು ಅವನ ಊರು ಯಾವ ಜಿಲ್ಲೆಯಲ್ಲಿದೆ ಎಂಬುದರ ಮೇಲೆ ನಿಂತಿತು. ಇದರ ಪೊಳ್ಳುತನ ಮೊದಲು ಕಂಡಿದ್ದು ಭಾರತೀಯರಿಗೇ. 1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ 33 ಜನ, ಬಹುತೇಕ ಎಲ್ಲರೂ ಭಾರತೀಯ ಪಾದ್ರಿಗಳು, ಬಿಷಪ್ ವಿ. ಎಸ್. ಅಜರಯ್ಯನವರ ಜೊತೆ ಸೇರಿ ಒಂದಾಗುವ ಕರೆ ಕೊಟ್ಟರು. ಮಾತುಕತೆ 28 ವರ್ಷ ಎಳೆಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಆಂಗ್ಲಿಕನರು, ಬ್ರಿಟಿಷ್ ಮೆಥಡಿಸ್ಟರು, ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್–ಕಾಂಗ್ರಿಗೇಷನಲ್ ಸಭೆಗಳು ಅದರಲ್ಲಿ ಸೇರಿದವು. ಈ ಕಡೆಯ ಬಾಸೆಲ್ ಸಭೆಗಳು ತಡವಾಗಿ ಬಂದವು. 1970ರಲ್ಲಿ ಮೈಸೂರು ಡಯಾಸಿಸ್ ಮೂರಾದಾಗ ಧಾರವಾಡ ಉತ್ತರ ಡಯಾಸಿಸಿನ ಕೇಂದ್ರವಾಯಿತು.

1947ರ ಆ ಒಕ್ಕೂಟದ ತಿರುಳಿರುವುದು ಅದರ ಒಪ್ಪಂದದ ಒಂದು ಷರತ್ತಿನಲ್ಲಿ. ಮೋಕ್ಷಕ್ಕೆ ಬೇಕಾದುದೆಲ್ಲ ಗ್ರಂಥದಲ್ಲಿದೆ, ಅದೇ ಪರಮ ಪ್ರಮಾಣ, ಪ್ರಾಚೀನ ವಿಶ್ವಾಸಪ್ರಮಾಣಗಳು ಅದಕ್ಕೆ ಸಾಕ್ಷಿ ಎಂದು ಸಾರಿದ ಒಪ್ಪಂದ, ಆ ಪ್ರಮಾಣಗಳ ಪ್ರತಿಯೊಂದು ಪದಕ್ಕೂ ಪ್ರತಿಯೊಬ್ಬರೂ ತಲೆಯಾಡಿಸಲೇಬೇಕೆಂದು ಪಟ್ಟು ಹಿಡಿಯಲಿಲ್ಲ. ಅರ್ಥ ಹೇಳುವುದರಲ್ಲಿ ಯುಕ್ತವಾದ ಸ್ವಾತಂತ್ರ್ಯ ಇರಲಿ ಎಂದು ಬರೆದೇ ಇಟ್ಟಿತು. ಅಂದರೆ ಮೊದಲು ಒಂದೇ ಅರ್ಥಕ್ಕೆ ಬಂದು ಆಮೇಲೆ ಒಂದಾದದ್ದಲ್ಲ; ಎಷ್ಟು ಭಿನ್ನಾಭಿಪ್ರಾಯವನ್ನು ಇಟ್ಟುಕೊಂಡು ಬಾಳಬಹುದು ಎಂದು ಲೆಕ್ಕ ಹಾಕಿ ಒಂದಾದದ್ದು. ಇದಕ್ಕೆ ತದ್ವಿರುದ್ಧ ಕಥೆ ಲೂಥರನ್ನರದು. 1948ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಸಿಎಸ್‌ಐ ಮತ್ತು ಲೂಥರನ್ ಸಭೆಗಳ ಪಂಡಿತರು ಕೂತು ಧರ್ಮಶಾಸ್ತ್ರ, ಸುವಾರ್ತೆ, ಕರ್ತನ ಭೋಜನಗಳ ಬಗ್ಗೆ ಚರ್ಚಿಸಿ ಒಪ್ಪಿತ ಹೇಳಿಕೆಗಳನ್ನು ಬರೆದರು. ಅರ್ಥದಲ್ಲಿ ಅಷ್ಟು ಹತ್ತಿರ ಬಂದ ಮೇಲೂ ಒಂದಾಗಲಿಲ್ಲ. ಉತ್ತರ ಭಾರತದಲ್ಲೂ ಅಮೆರಿಕನ್ ಮೂಲದ ಮೆಥಡಿಸ್ಟರು 1970ರಲ್ಲಿ ಅಲ್ಲಿನ ಸಭೆಗಳು ಕಟ್ಟಿಕೊಂಡ ಒಕ್ಕೂಟದಿಂದ ಕಡೆಯ ಗಳಿಗೆಯಲ್ಲಿ ಹಿಂದೆ ಸರಿದರು. ಬೀದರಿನ ಮೆಥಡಿಸ್ಟರು ಇಂದಿಗೂ ಬೇರೆಯೇ.

ಕಥೋಲಿಕರ ಕಡೆ ಕಥೆ ಹಳೆಯದು. 1637ರಲ್ಲಿ ಗೋವೆಯ ದಿವಾರ್ ದ್ವೀಪದ ಮತ್ತೇವುಸ್ ದ ಕಾಸ್ತ್ರೋ ಎಂಬ ಭಾರತೀಯನನ್ನು ರೋಮ್ ಬಿಷಪ್ ಮಾಡಿ ‘ಇದಲ್ಕಾನ್’ ಅಂದರೆ ವಿಜಯಪುರದ ಆದಿಲ್ ಖಾನನ ಸೀಮೆಗೆ ಕಳಿಸಿತು. ಗೋವೆಯ ಪೋರ್ಚುಗೀಸ್ ಚರ್ಚು ಆತನ ಅಧಿಕಾರವನ್ನೇ ಒಪ್ಪಲಿಲ್ಲ. ಆತ ಆದಿಲ್‌ಶಾಹಿ ಆಡಳಿತದ ಬಿಚೋಲಿಯಲ್ಲಿ ಆಶ್ರಯ ಪಡೆದ. ಒಂದೇ ಪೋಪನಡಿಯಲ್ಲೂ ಜಗಳವಿತ್ತು, ಆದರೆ ಅದು ಗ್ರಂಥದ ಮೇಲಲ್ಲ. ಗ್ರಂಥಕ್ಕೆ ಅರ್ಥ ಹೇಳುವ ಹಕ್ಕು ಸಭೆಯ ಅಧಿಕಾರದ್ದೆಂದು ಟ್ರೆಂಟಿನ ಮಹಾಸಭೆ 1546ರಲ್ಲೇ ತೀರ್ಮಾನಿಸಿಬಿಟ್ಟಿತ್ತು. 73 ಪುಸ್ತಕಗಳ ಪಟ್ಟಿಯೂ ಅಲ್ಲೇ ಗಟ್ಟಿಯಾಯಿತು, ಪ್ರಾಟೆಸ್ಟಂಟರದು 66.

ಹೆಚ್ಚಿನ ಏಳರಲ್ಲಿ ಮಕ್ಕಬಿಯರ ಎರಡನೆಯ ಪುಸ್ತಕವೂ ಒಂದು. ಅದರ ಹನ್ನೆರಡನೆಯ ಅಧ್ಯಾಯದಲ್ಲಿ ಯುದ್ಧದಲ್ಲಿ ಸತ್ತ ಸೈನಿಕರ ಪಾಪಪರಿಹಾರಕ್ಕಾಗಿ ಅವರ ನಾಯಕ ಯೂದನು ಹಣ ಕೂಡಿಸಿ ಯೆರೂಸಲೇಮಿಗೆ ಬಲಿಯರ್ಪಣೆಗೆ ಕಳಿಸುವ ಪ್ರಸಂಗ ಬರುತ್ತದೆ. ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೆ ಕಥೋಲಿಕರು ತೋರಿಸುವ ಆಧಾರಗಳಲ್ಲಿ ಇದು ಮುಖ್ಯ. ನವೆಂಬರ್ 2ರಂದು ಕಥೋಲಿಕರು ಸಮಾಧಿಗಳ ಬಳಿ ಮೇಣದಬತ್ತಿ ಹಚ್ಚಿ ಸತ್ತವರ ಆತ್ಮಕ್ಕಾಗಿ ಬೇಡುತ್ತಾರೆ. ಪ್ರಾಟೆಸ್ಟಂಟ್ ಪಾದ್ರಿ ಅದೇ ಊರಿನ ಸ್ಮಶಾನದಲ್ಲಿ ಬದುಕಿರುವವರ ಸಮಾಧಾನಕ್ಕಾಗಿ ಮಾತ್ರ ಬೇಡುತ್ತಾನೆ. ಆ ಪುಸ್ತಕ ಅವನ ಬೈಬಲಿನಲ್ಲಿ ಇಲ್ಲವೇ ಇಲ್ಲ. ಇಲ್ಲಿ ಭೇದ ಅರ್ಥದ್ದಲ್ಲ, ಪರಿವಿಡಿಯದ್ದು.

1965ರ ನವೆಂಬರ್ 18ರಂದು ಎರಡನೆಯ ವ್ಯಾಟಿಕನ್ ಸಭೆ ಹೊರಡಿಸಿದ ‘ದೇಯಿ ವೆರ್ಬುಂ’ ಗ್ರಂಥವನ್ನು ಎಲ್ಲ ವಿಶ್ವಾಸಿಗಳ ಕೈಗೂ ಕೊಡಬೇಕೆಂದಿತು. ಬೇರೆ ಸಭೆಗಳ ಜೊತೆ ಸೇರಿ ಅನುವಾದ ಮಾಡಲು ಅನುಮತಿ ಕೊಟ್ಟಿತು. ಮೂರು ವರ್ಷದಲ್ಲಿ ರೋಮ್ ಮತ್ತು ಬೈಬಲ್ ಸೊಸೈಟಿಗಳು ಇದಕ್ಕೆ ನಿಯಮಗಳನ್ನೂ ಬರೆದುಕೊಂಡವು. ಕನ್ನಡದಲ್ಲಿ ಅದರ ಫಲವನ್ನು ಭಾರತ ಬೈಬಲ್ ಸೊಸೈಟಿಯ ಸರಳ ಅನುವಾದದಲ್ಲಿ ನೋಡಬಹುದು. ಹಳೆಯ ಪ್ರಾಟೆಸ್ಟಂಟ್ ಬೈಬಲಿನಲ್ಲಿ ದೇವರು ಸೃಷ್ಟಿ ‘ಮಾಡಿದನು’, ಇದರಲ್ಲಿ ‘ಮಾಡಿದರು’. ಕಥೋಲಿಕರಿಗೆ ಬಹುವಚನ ರೂಢಿ. ಪ್ರಾಟೆಸ್ಟಂಟ್ ಹಿರಿಯರಿಗೆ ಏಕವಚನದಲ್ಲೇ ಆಪ್ತತೆ. ಬೆಂಗಳೂರಿನ ಕಥೋಲಿಕ ಚರ್ಚುಗಳಲ್ಲಂತೂ ವ್ಯಾಟಿಕನ್ ಸಭೆಯ ನಂತರ ಜಗಳವಾದದ್ದು ಪೂಜೆ ಯಾವ ಭಾಷೆಯಲ್ಲಿರಬೇಕೆಂಬುದರ ಮೇಲೆ. ಗ್ರಂಥದ ಅರ್ಥದ ಮೇಲೆ ಅಷ್ಟು ಗಲಾಟೆ ಎಂದೂ ಆಗಲಿಲ್ಲ.

ಜಾಗತಿಕ ಮಟ್ಟದಲ್ಲಿ ದೊಡ್ಡ ಗಂಟೊಂದು 1999ರ ಅಕ್ಟೋಬರ್ 31ರಂದು ಆಗ್ಸ್‌ಬುರ್ಗಿನಲ್ಲಿ ಸಡಿಲವಾಯಿತು. ಮನುಷ್ಯ ನೀತಿವಂತನಾಗುವುದು ನಂಬಿಕೆಯಿಂದಲೋ ಕ್ರಿಯೆಯಿಂದಲೋ ಎಂಬ ಪ್ರಶ್ನೆಯ ಬಗ್ಗೆ ರೋಮ್ ಮತ್ತು ಲೂಥರನ್ ಒಕ್ಕೂಟ ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥಡಿಸ್ಟರೂ ಒಪ್ಪಿದರು. ಐರೋಪ್ಯರ ಸುಮಾರು ಐದು ಶತಮಾನದ ವ್ಯಾಜ್ಯ ಅದು.

ಭಾರತದಲ್ಲಿ ಅಷ್ಟರಲ್ಲಿ ಪ್ರಶ್ನೆಯೇ ಬದಲಾಗಿತ್ತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಬಗ್ಗೆ ಉಪನ್ಯಾಸ ಕೊಟ್ಟರು. ಅಲ್ಲಿಂದ ದಲಿತ ದೇವತಾಶಾಸ್ತ್ರ ಬೆಳೆಯಿತು. ಗುಲಾಮಗಿರಿಯಿಂದ ಬಿಡುಗಡೆಯಾದ ಅಲೆಮಾರಿ ಪೂರ್ವಜರನ್ನು ನೆನೆಯುವ ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯವನ್ನು ನಿರ್ಮಲ್ ದಲಿತರ ಚರಿತ್ರೆಯಾಗಿ ಓದಿದರು. ಆಮೇಲೆ ಕಥೋಲಿಕನೋ ಪ್ರಾಟೆಸ್ಟಂಟನೋ ಎಂಬುದಕ್ಕಿಂತ ಓದುವವನು ಯಾವ ಕೇರಿಯವನು ಎಂಬುದೇ ಮುಖ್ಯವಾಯಿತು. 2013ರಲ್ಲಿ ಕ್ರೈಸ್ತ ಐಕ್ಯಕ್ಕಾಗಿ ನಡೆಯುವ ಜನವರಿಯ ಪ್ರಾರ್ಥನಾ ಸಪ್ತಾಹದ ಪಠ್ಯವನ್ನು ಜಗತ್ತಿಗೆಲ್ಲ ಸಿದ್ಧಮಾಡಿಕೊಟ್ಟದ್ದು ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ. ಮೀಕನ ಪುಸ್ತಕದ ಆರನೆಯ ಅಧ್ಯಾಯವನ್ನು ಅದು ಜಾತಿಯ ಅನ್ಯಾಯದ ಎದುರಿಗಿಟ್ಟಿತು. ರೋಮ್ ಕೂಡ ಆ ಪಠ್ಯವನ್ನೇ ಬಳಸಿತು. ಅದೇ ವರ್ಷ ಸಿಎಸ್‌ಐ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರನ್ನು ಬಿಷಪ್ ಮಾಡಿತು. ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಎಂಬ ಪೌಲನ ಮಾತು ಸಿಎಸ್‌ಐಯವರ ಬೈಬಲಿನಲ್ಲೂ ಇದೆ. ಅವರು ಅದನ್ನು ಆ ಕಾಲದ ಕೊರಿಂಥಕ್ಕೆ ಹೇಳಿದ್ದೆಂದು ಓದುತ್ತಾರೆ. ರೋಮ್ ಹಾಗೆ ಓದುವುದಿಲ್ಲ.

ಈಗ ಹೆಚ್ಚು ಅಗಲವಾಗಿರುವ ಕಂದಕ ಹಳೆಯ ಸಭೆಗಳಿಗೂ ಪೆಂಟೆಕೋಸ್ಟಲ್ ಹಾಗೂ ಸ್ವತಂತ್ರ ಪ್ರಾರ್ಥನಾ ಕೂಟಗಳಿಗೂ ನಡುವಿನದು. ಶಿಶುವಾಗಿದ್ದಾಗ ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ ಎಂದು ಈ ಕೂಟಗಳಲ್ಲಿ ಹಲವು ಮತ್ತೆ ನೀರಿನಲ್ಲಿ ಮುಳುಗಿಸುತ್ತವೆ. ಸಿಎಸ್‌ಐಗೂ ಕಥೋಲಿಕರಿಗೂ ಇದು ನುಂಗಲಾರದ ತುತ್ತು. ಇತ್ಯರ್ಥಕ್ಕೆ ಕೂರೋಣವೆಂದರೆ ಧಾರವಾಡದಲ್ಲಿ ಸಿಎಸ್‌ಐ ಬಿಷಪ್ ಇದ್ದಾರೆ, 2005ರಲ್ಲಿ ಆದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಧರ್ಮಾಧ್ಯಕ್ಷರಿದ್ದಾರೆ. ಬಾಡಿಗೆ ಹಾಲಿನಲ್ಲಿ ನಡೆಯುವ ಕೂಟದ ಪರವಾಗಿ ಸಹಿ ಹಾಕುವವರು ಯಾರು? ರೋಮ್ 1972ರಿಂದ ಪೆಂಟೆಕೋಸ್ಟಲರ ಜೊತೆ ಮಾತಾಡುತ್ತ ಬಂದಿದೆ. ಮೊದಲ ಸುತ್ತುಗಳಲ್ಲಿ ಮೇಜಿನ ಆ ಬದಿಗೆ ಕೂತವರಲ್ಲಿ ಹಲವರು ಯಾವ ಸಭೆಯ ಪ್ರತಿನಿಧಿಗಳೂ ಆಗಿರಲಿಲ್ಲ, ತಮ್ಮಷ್ಟಕ್ಕೆ ಬಂದವರು.