ಇಂಡಿ ಲಿಂಬೆ: ವಾಕರಿಕೆಗೆ ಮನೆಮದ್ದು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಗಳಲ್ಲಿ ಬೆಳೆಯುವ ಕಾಗ್ಜಿ ಲಿಂಬೆ (ಸಿಟ್ರಸ್ ಔರಾಂಟಿಫೋಲಿಯಾ). ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದಿದೆ. ತೆಳು ಸಿಪ್ಪೆ, ತುಂಬು ರಸ, ತೀಕ್ಷ್ಣ ಪರಿಮಳ ಇದರ ಗುಣ. ಬಸ್ ಪ್ರಯಾಣದಲ್ಲಿ, ಬಸಿರಿನ ಮೊದಲ ತಿಂಗಳುಗಳಲ್ಲಿ ಹೊಟ್ಟೆ ತೊಳಸಿದಾಗ ಹಣ್ಣನ್ನು ಮೂಸುವುದು, ಉಪ್ಪು-ಸಕ್ಕರೆ ಬೆರೆಸಿದ ಶರಬತ್ತನ್ನು ಗುಟುಕುಗುಟುಕಾಗಿ ಕುಡಿಯುವುದು ರೂಢಿ. ಸಿಪ್ಪೆಯ ತೈಲದಲ್ಲಿ ಲಿಮೋನೀನ್ ಹೇರಳ. ಇದರ ಹತ್ತಿರದ ಬಂಧುವಾದ ಲೆಮನ್ ಹಣ್ಣಿನ ತೈಲವನ್ನು ಮೂಸಿದ ಗರ್ಭಿಣಿಯರಲ್ಲಿ ವಾಕರಿಕೆ ತಗ್ಗಿದ್ದನ್ನು 2014ರಲ್ಲಿ ಪ್ರಕಟವಾದ ಇರಾನಿನ ಅಧ್ಯಯನವೊಂದು ದಾಖಲಿಸಿತು. ಆದರೂ ಶುಂಠಿಗಿರುವಷ್ಟು ಪುರಾವೆ ಲಿಂಬೆಗಿಲ್ಲ. ಶರಬತ್ತಿಗೆ ಶುಂಠಿ ಜಜ್ಜಿ ಹಾಕುವುದೇ ಒಳ್ಳೆಯದು. ಎದೆಯುರಿ ಇರುವವರಿಗೆ ಹುಳಿ ಹಿತವಲ್ಲ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಂತೆ ವಾಂತಿಯಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು.