ಹೆಪ್ಪು ಕರಗಿಸೋ ಮದ್ದಿನ ಕತೆ

ನಮ್ಮ ದೊಡ್ಡಮ್ಮನಿಗೆ ಮಂಡಿ ಆಪರೇಷನ್ ಆಗಿ ಹತ್ತನೇ ದಿನ ಇದ್ದಕ್ಕಿದ್ದಂತೆ ಉಸಿರು ಕಟ್ಟಿತು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ ಅಂದರು ಡಾಕ್ಟ್ರು. "ಕರಗಿಸೋ ಇಂಜೆಕ್ಷನ್ ಇದೆಯಂತಲ್ಲ, ಕೊಡಿ ಸಾರ್" ಅಂದೆ. "ಬಿ.ಪಿ. ಸರಿಯಾಗಿದೆ, ಆಪರೇಷನ್ ಗಾಯ ಇನ್ನೂ ಹಸಿ. ಹೆಪಾರಿನ್ ಕೊಟ್ಟು ನೋಡೋಣ" ಅಂದರು. ಮದ್ದು ಇದ್ದೂ ಕೊಡುತ್ತಿಲ್ಲವಲ್ಲ ಅಂತ ರಾತ್ರಿಯಿಡೀ ನನಗೆ ಸಿಟ್ಟು. ದೊಡ್ಡಮ್ಮ ಗುಣವಾಗಿ ಮನೆಗೆ ಬಂದ ಮೇಲೆ ಆ ಮದ್ದಿನ ಚರಿತ್ರೆ ಹುಡುಕಿ ಓದಿದೆ.

1933ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಟಿಲೆಟ್ ಮತ್ತು ಗಾರ್ನರ್ ಒಂದು ವಿಚಿತ್ರ ಕಂಡರು. ಗಂಟಲುನೋವು ತರುವ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಮನುಷ್ಯರ ರಕ್ತದ ಹೆಪ್ಪನ್ನು ಕರಗಿಸುತ್ತಿತ್ತು! ಸ್ಟ್ರೆಪ್ಟೋಕೈನೇಸ್ ಬಂದದ್ದು ಅಲ್ಲಿಂದ. ಆಮೇಲೆ ಬಂದದ್ದು ಯುರೋಕೈನೇಸ್. ಅದನ್ನು ತೆಗೆಯುತ್ತಿದ್ದದ್ದು ಮನುಷ್ಯರ ಮೂತ್ರದಿಂದ, ಹೌದು ಕಣ್ರೀ!

ಹೆಪ್ಪೇನೋ ಕರಗುತ್ತೆ, ಆದರೆ ರೋಗಿ ಉಳೀತಾರಾ? ಹೆಪಾರಿನ್ ಹೆಪ್ಪನ್ನು ಕರಗಿಸೋದಿಲ್ಲ, ಬೆಳೆಯದಂತೆ ತಡೆಯುತ್ತೆ ಅಷ್ಟೆ. ಕರಗಿಸೋ ಕೆಲಸ ನಿಧಾನವಾಗಿ ದೇಹವೇ ಮಾಡಿಕೊಳ್ಳುತ್ತೆ. 1960ರಲ್ಲಿ ಪ್ರಕಟವಾದ ಬ್ಯಾರಿಟ್ ಮತ್ತು ಜೋರ್ಡನ್ ಅವರ ಪರೀಕ್ಷೆಯಲ್ಲಿ, ಹೆಪಾರಿನ್ ಚಿಕಿತ್ಸೆ ಸಿಗದ 19 ಜನರಲ್ಲಿ 5 ಮಂದಿ ಈ ಹೆಪ್ಪಿನಿಂದ ಸತ್ತರು. ಚಿಕಿತ್ಸೆ ಸಿಕ್ಕ 16 ಜನರಲ್ಲಿ ಒಬ್ಬರೂ ಇಲ್ಲ. ಹೊಸ ಮದ್ದು ಗೆಲ್ಲಬೇಕಾಗಿದ್ದದ್ದು ಈ ಹೆಪಾರಿನ್ ಎದುರು.

1970ರಲ್ಲಿ ಅಮೆರಿಕದಲ್ಲಿ 160 ರೋಗಿಗಳ ಪರೀಕ್ಷೆಯ ಫಲಿತಾಂಶ ಬಂತು. ಯುರೋಕೈನೇಸ್ ಪಡೆದವರಲ್ಲಿ ಮೊದಲ ದಿನವೇ ಹೆಪ್ಪು ಬೇಗ ಕರಗಿತ್ತು. ಆದರೆ ಎರಡು ವಾರದ ಹೊತ್ತಿಗೆ ಹೆಪಾರಿನ್ ಪಡೆದವರೂ ಅಲ್ಲಿಗೇ ಬಂದಿದ್ದರು. ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ರಕ್ತಸ್ರಾವ ಮಾತ್ರ ಜಾಸ್ತಿ.

ಹಾಗಾದರೆ ಮದ್ದು ವ್ಯರ್ಥವೇ? ಅಲ್ಲ. 1995ರಲ್ಲಿ ಮೆಕ್ಸಿಕೋದ ಒಂದು ಪುಟ್ಟ ಪರೀಕ್ಷೆ ಪ್ರಕಟವಾಯಿತು. ರೋಗಿಗಳು ಎಂಟೇ ಜನ, ಎಲ್ಲರೂ ಬಿ.ಪಿ. ಕುಸಿದವರು. ಸ್ಟ್ರೆಪ್ಟೋಕೈನೇಸ್ ಪಡೆದ ನಾಲ್ವರೂ ಬದುಕಿದರು, ಬರೀ ಹೆಪಾರಿನ್ ಪಡೆದ ನಾಲ್ವರೂ ಸತ್ತರು. ಎಂಟು ಜನರಿಂದ ಎಲ್ಲ ಸಾಬೀತಾಗಲ್ಲ, ಆದರೂ ಓದಿದಾಗ ಮೈ ಜುಮ್ಮೆಂದಿತು.

ಬಿ.ಪಿ. ಸರಿಯಿದ್ದು ಹೃದಯದ ಬಲಭಾಗ ಮಾತ್ರ ದಣಿದಿದ್ದರೆ? 2014ರಲ್ಲಿ ಪ್ರಕಟವಾದ ಪೀಥೋ ಪರೀಕ್ಷೆ ಇಂಥ ಸಾವಿರ ಜನರನ್ನು ನೋಡಿತು. ಹೆಪಾರಿನ್ ಜೊತೆ ಟೆನೆಕ್ಟೆಪ್ಲೇಸ್ ಕೊಟ್ಟಾಗ, ಸಾವು ಅಥವಾ ಬಿ.ಪಿ. ಕುಸಿತ ಶೇ. 5.6ರಿಂದ 2.6ಕ್ಕೆ ಇಳಿಯಿತು. ಆದರೆ ಸ್ಟ್ರೋಕ್ ಶೇ. 0.2ರಿಂದ 2.4ಕ್ಕೆ ಏರಿತು.

ಆ ರಾತ್ರಿ ಡಾಕ್ಟ್ರು ತೂಗಿ ನೋಡುತ್ತಿದ್ದದ್ದು ಇದನ್ನೇ. ನಾನು ಹೆಪ್ಪಿನ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ, ಅವರು ದೊಡ್ಡಮ್ಮನ ಬಗ್ಗೆ. ಅವರಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ಮುಂದಿನ ಚೆಕಪ್‌ಗೆ ನಾನೇ ಕರೆದುಕೊಂಡು ಹೋಗಬೇಕು.

ನೀವೂ ಇಂಥ ರಾತ್ರಿ ಕಳೆದಿದ್ದರೆ ಬರೀರಿ.